ಬೀಗ ಬಿದ್ದ ಲ್ಯಾಬಿಗೆ ವರ್ಗ

ಕಾರ್ಖಾನೆಗಳ ಸರಕಾರಿ ಇನ್‌ಸ್ಪೆಕ್ಟರ್ ನಮ್ಮ ಲ್ಯಾಬಿನೊಳಗೆ ಬಂದಾಗ ನಾನು ಬ್ಯುರೆಟ್ಟಿನ ಕೆಳಗೆ ಫ್ಲಾಸ್ಕ್ ಅಲ್ಲಾಡಿಸುತ್ತ ಬಣ್ಣ ತಿರುಗುವುದನ್ನು ಕಾಯುತ್ತಿದ್ದೆ. ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ, ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಕಂಪನಿ ನಮ್ಮದು. ಪ್ಲಾಂಟಿನಿಂದ ಬಂದ ಸ್ಯಾಂಪಲ್ ಪರೀಕ್ಷೆ ಮಾಡಿ ಅಂಕಿ ಬರೆದುಕೊಡುವುದು ನನ್ನ ಕೆಲಸ. ಇನ್‌ಸ್ಪೆಕ್ಟರರ ಹಿಂದೆ ಪ್ಲಾಂಟ್ ಮ್ಯಾನೇಜರ್ ಇದ್ದರು, ಅವರ ಹಿಂದೆ ಎಚ್‌ಆರ್ ಮ್ಯಾನೇಜರ್. ಇನ್‌ಸ್ಪೆಕ್ಟರ್ ಫ್ಯೂಮ್ ಹುಡ್ಡಿನ ಮುಂದೆ ನಿಂತರು. ಆಮ್ಲ ಕಾಯಿಸುವಾಗ ಏಳುವ ಹೊಗೆಯನ್ನು ಫ್ಯಾನಿನಿಂದ ಎಳೆದು ಹೊರಗೆ ಬಿಡುವ ಗಾಜಿನ ಗೂಡು ಅದು.

"ಇದು ನಡೀತದಾ?" ಎಂದು ಮರಾಠಿಯಲ್ಲಿ ಕೇಳಿದರು. ಇಂಥವರನ್ನೇ ಅಂತ ಕೇಳಿದ್ದಲ್ಲ. ಗೂಡಿಗೆ ಹತ್ತಿರ ನಿಂತವಳು ನಾನು.

"ಇಲ್ಲ ಸರ್. ಮಳೆಗಾಲದಿಂದ ಫ್ಯಾನ್ ಬಂದ್ ಇದೆ."

ಅದು ಧೈರ್ಯದ ಮಾತಲ್ಲ. ಕೇಳಿದರು, ಬಾಯಿಗೆ ಬಂತು. ಹೇಳಿದ ಮೇಲೆ ಕೋಣೆ ಸ್ತಬ್ಧವಾದದ್ದು ನೋಡಿಯೇ ನಾನು ಏನೋ ಮಾಡಿಬಿಟ್ಟೆ ಎಂದು ಗೊತ್ತಾಯಿತು. ಪಕ್ಕದ ಮೇಜಿನ ನನ್ನ ಜೊತೆಗಾರ್ತಿ, ಹತ್ತು ಹನ್ನೆರಡು ವರ್ಷ ನನ್ನ ಸಂಗಡ ಡಬ್ಬಿ ಹಂಚಿಕೊಂಡು ಉಂಡವಳು, ತಕ್ಕಡಿಯ ಗಾಜಿನೊಳಗೆ ಕಣ್ಣು ನೆಟ್ಟಳು. ನನ್ನ ಫ್ಲಾಸ್ಕಿನ ಬಣ್ಣ ತಿರುಗಿ ಗಾಢವಾಗಿ, ಸ್ಯಾಂಪಲ್ ಹಾಳಾಗಿತ್ತು.

ಮರುವಾರ ಎಚ್‌ಆರ್ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದರು. ಕುರ್ಚಿ ತೋರಿಸಿ, ಚಹಾ ತರಿಸಿದರು. ಆ ಚಹಾ ನೋಡಿಯೇ ನನಗೆ ಹೆದರಿಕೆ ಹತ್ತಿತು. ಅವರು ಎಂದೂ ನಮಗೆ ಚಹಾ ತರಿಸಿದವರಲ್ಲ.

"ಮೇಡಂ, ಕಂಪನಿಗೆ ನಿಮ್ಮ ಅನುಭವ ತಳೋಜಾ ಯೂನಿಟ್ಟಿನಲ್ಲಿ ಬೇಕಾಗಿದೆ. ಸಂಬಳ ಅದೇ, ಹುದ್ದೆ ಅದೇ."

"ತಳೋಜಾ ಯೂನಿಟ್ ಮುಚ್ಚಿದೆಯಲ್ಲ ಸರ್? ಅಲ್ಲಿ ಲ್ಯಾಬಿಗೆ ಬೀಗ ಹಾಕಿದ್ದಾರಂತೆ."

"ಅದನ್ನು ಶುರು ಮಾಡಲಿಕ್ಕೇ ನಿಮ್ಮನ್ನು ಕಳಿಸುವುದು."

ಅವರು ಪೆನ್ನು ಕೊಟ್ಟು ತೋರಿಸಿದ ಜಾಗದಲ್ಲಿ ಆದೇಶ ಸಿಕ್ಕಿತೆಂದು ಸಹಿ ಹಾಕಿದೆ. ಮರುದಿನ ಬೆಳಿಗ್ಗೆ ಗೇಟಿನ ಹಾಜರಿ ಯಂತ್ರದ ಮೇಲೆ ಹೆಬ್ಬೆರಳು ಇಟ್ಟರೆ ಅದು ಕೆಂಪು ದೀಪ ತೋರಿಸಿತು. ಬೆರಳು ಸೆರಗಿಗೆ ಒರೆಸಿ ಮತ್ತೆ ಇಟ್ಟೆ. ಮತ್ತೂ ಕೆಂಪು. ಹಿಂದೆ ಸಾಲಿನಲ್ಲಿ ನಿಂತವರು ನನ್ನನ್ನು ಬಳಸಿಕೊಂಡು ಪಕ್ಕದ ಯಂತ್ರಕ್ಕೆ ಹೋದರು.

ನಮ್ಮಲ್ಲಿ ಒಂದು ಸಣ್ಣ ಯೂನಿಯನ್ ಇದೆ. ಅದರ ಕಾರ್ಯದರ್ಶಿ ಮೆಂಟೆನೆನ್ಸಿನ ಹಳೆಯ ಫಿಟ್ಟರ್, ಮರಾಠಿಯವರು. ಅವರೇ ನನ್ನನ್ನು ಠಾಣೆ ಶಹರಕ್ಕೆ, ಕಾರ್ಮಿಕರ ಕೇಸು ನಡೆಸುವ ವಕೀಲರ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿ ಹೋದ ಮೇಲೆ ನೋಡಿದರೆ ವಕೀಲರು ಧಾರವಾಡ ಕಡೆಯವರು, ಕಲ್ಯಾಣದಲ್ಲಿ ಮನೆ. ನನ್ನ ಮರಾಠಿಯ ರಾಗ ಕೇಳಿಯೇ "ನೀವು ಕನ್ನಡದವರೇನು?" ಎಂದರು. ಹೌದು, ಉಡುಪಿ ಕಡೆ ಎಂದೆ. ಅಲ್ಲಿಂದ ಮುಂದೆ ನನಗೆ ಅವರು ಏಕವಚನದಲ್ಲೇ, ಮಗಳಿಗೆ ಹೇಳಿದ ಹಾಗೆ ಹೇಳಿದರು.

"ಮೊದಲ ನೀರ ಕುಡಿಯವಾ. ನೋಡು, ಬದಲಿ ಮಾಡೂದು ಮಾಲಕನ ಹಕ್ಕು. ಕೋರ್ಟು ಅದರಾಗ ಸುಮ್ಮ ಸುಮ್ಮನ ಕೈ ಹಾಕೂದಿಲ್ಲ. ಕಂಪನಿ ಧೋರಣೆ ಅಂತ ಹೆಸರ ಹೇಳಿ, ಒಳಗ ಹಗೆತನ ಇಟಗೊಂಡು ಬದಲಿ ಮಾಡಿದ್ರ, ಅದು ಅನುಚಿತ ಕಾರ್ಮಿಕ ಪದ್ಧತಿ ಆಗ್ತದ. ಹಗೆತನ ಐತಿ ಅಂತ ತೋರಸೂದು ನಮ್ಮ ಮ್ಯಾಲ ಬರ್ತದ."

"ಇನ್‌ಸ್ಪೆಕ್ಟರ್ ಕೇಳಿದರು, ನಾನು ಹೇಳಿದೆ. ಅಷ್ಟಕ್ಕೇ ಸರ್."

"ಅಷ್ಟಕ್ಕ ಅಂತ ನೀ ಹೇಳತಿ. ಅವರು ಎರಡೂ ಸಂಬಂಧನ ಇಲ್ಲ ಅಂತಾರ." ನನ್ನ ಕಾಗದಪತ್ರ ತಿರುವಿ ಕೇಳಿದರು. "ನಿನ್ನ ಕೈಕೆಳಗ ಯಾರರ ಅದಾರೇನು? ಯಾರಿಗರ ರಜಾ ಮಂಜೂರ ಮಾಡ್ತಿಯೇನು?"

"ನನ್ನ ಗ್ಲಾಸ್‌ವೇರ್ ನಾನೇ ತೊಳೆಯುವುದು ಸರ್."

"ಆದ್ರ ನಿನ್ನ ಹುದ್ದಾದ ಹೆಸರ ಸೀನಿಯರ್ ಎಕ್ಸಿಕ್ಯುಟಿವ್ ಅಂತ ಐತಿ. ಇವಳು ಕಾರ್ಮಿಕಳ ಅಲ್ಲ, ಸೂಪರ್‌ವೈಸರ್, ಈ ಕಾಯ್ದೆ ಇವಳಿಗೆ ಹತ್ತೂದಿಲ್ಲ ಅಂತಾರ. ತಯಾರಿರು."

ಆ ಹೆಸರು ನನಗೆ ಕೊಟ್ಟದ್ದು ಎರಡು ದೀಪಾವಳಿಯ ಹಿಂದೆ, ಸಿಹಿಯ ಡಬ್ಬಿಯ ಸಂಗಡ. ಆಗ ಮನೆಯಲ್ಲಿ ಸಂತೋಷಪಟ್ಟಿದ್ದೆವು.

ಅಫಿಡವಿಟ್ಟು, ವಕಾಲತ್ತು, ತಡೆಯಾಜ್ಞೆಗೆ ಬೇರೆ ಅರ್ಜಿ ಎಲ್ಲ ತಯಾರಾಗಿ ಔದ್ಯೋಗಿಕ ನ್ಯಾಯಾಲಯದಲ್ಲಿ ನಮ್ಮ ಕೇಸು ಮೊದಲ ಸಲ ಕೂಗಿದಾಗ ನನಗೆ ನನ್ನ ಹೆಸರೇ ಅಪರಿಚಿತ ಕೇಳಿಸಿತು. ಅಲ್ಲಿ ನ್ಯಾಯಾಧೀಶರನ್ನು ಮೆಂಬರ್ ಅನ್ನುತ್ತಾರೆ. ನಮ್ಮ ಕೇಸಿನ ಮೆಂಬರ್ ಒಬ್ಬ ಹೆಂಗಸು. ಕಂಪನಿಯ ವಕೀಲರು ಮೊದಲೇ ಬಂದು ಕೂತಿದ್ದರು. ನೇಮಕಾತಿಯ ಶರತ್ತಿನಲ್ಲೇ ಎಲ್ಲಿ ಬೇಕಾದರೂ ವರ್ಗ ಮಾಡಬಹುದೆಂದು ಇದೆ, ತಳೋಜಾ ಪರದೇಶವಲ್ಲ, ದಿನಾ ಹೋಗಿ ಬರುವ ದೂರ, ಸಂಬಳ ಒಂದು ರೂಪಾಯಿ ಕಡಿಮೆಯಾಗಿಲ್ಲ ಎಂದರು. ಕೇಳುತ್ತ ಕೇಳುತ್ತ ನನಗೇ ನಾನು ಸುಳ್ಳು ದೂರು ಕೊಟ್ಟವಳ ಹಾಗೆ ಅನ್ನಿಸಿತು. ಮೆಂಬರ್ ಎರಡೂ ಕಡೆಯದನ್ನು ಕೇಳಿ, ಕಂಪನಿಯ ಉತ್ತರ ಬರಲಿ ಎಂದು ಮುಂದಿನ ತಾರೀಕು ಕೊಟ್ಟರು. ಅಲ್ಲಿಯವರೆಗೆ ತಡೆ ಸಿಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕಾರ್ಯದರ್ಶಿಗೂ ವಕೀಲರಿಗೂ ಮಾತು ಬೆಳೆಯಿತು. ತಳೋಜಾಕ್ಕೆ ಹೋಗಿ ಹಾಜರಾದರೆ ವರ್ಗ ಒಪ್ಪಿಕೊಂಡ ಹಾಗೆ, ಕೇಸು ಅಲ್ಲಿಗೇ ಮುಗಿಯುತ್ತದೆ ಎಂದು ಕಾರ್ಯದರ್ಶಿ. ಹೋಗದಿದ್ದರೆ ಗೈರುಹಾಜರಿಯ ಚಾರ್ಜ್‌ಶೀಟ್, ಆಮೇಲೆ ವಿಚಾರಣೆ, ಆಮೇಲೆ ಡಿಸ್ಮಿಸ್ ಎಂದು ವಕೀಲರು. "ವಿರೋಧ ಇಟಗೊಂಡ ಹಾಜರಾಗೀನಿ ಅಂತ ಬರದ ಕೊಟ್ಟು ಹೋಗವಾ. ಕೇಸು ಸಾಯೂದಿಲ್ಲ. ಕೆಲಸ ಹೋದ್ರ ಮಾತ್ರ ಹೊಸಾ ಲಡಾಯಿ ಆಗ್ತದ," ಎಂದರು. ಇಬ್ಬರೂ ನನ್ನ ಮುಖ ನೋಡಿದರು.

ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ಆ ದಿನ ಕೌಂಟರಿಗೆ ಬೇರೆಯವರನ್ನು ಕೂರಿಸಿ ಕೋರ್ಟಿಗೆ ಬಂದಿದ್ದರು. ಡೊಂಬಿವಲಿಗೆ ಹೋಗುವ ಲೋಕಲ್ಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ನಾವು ತುಳುವಿನಲ್ಲಿ ಮಾತಾಡಿದೆವು.

"ಬಿಟ್ಟು ಬಿಡು ಮಾರಾಯ್ತಿ ಆ ಕೆಲಸ. ಹೀಗೆ ಹೆದರಿಕೊಂಡು ಎಂತ ನೌಕರಿ ಮಾಡುದು?"

"ಬಿಟ್ಟರೆ ಬೇರೆ ಎಲ್ಲಿ ತೆಗೊಳ್ತಾರೆ? ಎಂಐಡಿಸಿಯಲ್ಲಿ ಒಂದು ಕಂಪನಿಯ ಸುದ್ದಿ ಇನ್ನೊಂದರ ಗೇಟಿಗೆ ನಮಗಿಂತ ಮೊದಲು ಮುಟ್ಟುತ್ತದೆ. ಇನ್‌ಸ್ಪೆಕ್ಟರಿಗೆ ಬಾಯಿ ಬಿಟ್ಟವಳು ಅಂತ ಹೇಳ್ತಾರೆ."

ಗಾಡಿ ಬಂತು. ಹೆಂಗಸರ ಡಬ್ಬಿಯ ನೂಕಿನಲ್ಲಿ ಮುಂಬ್ರಾ ದಾಟುವಾಗ ನಾನು ವಿರೋಧ ಬರೆದುಕೊಟ್ಟು ಹೋಗಿ ಹಾಜರಾಗುವುದೆಂದು ನಿರ್ಧರಿಸಿದೆ. ಹೋಗುವುದಕ್ಕಿಂತ ಹೋಗದೆ ಮನೆಯಲ್ಲಿ ಕೂತು ಚಾರ್ಜ್‌ಶೀಟಿನ ದಾರಿ ಕಾಯುವುದೇ ನನಗೆ ಹೆಚ್ಚು ಭಯವಾಗಿತ್ತು.

ತಳೋಜಾಕ್ಕೆ ಕಲ್ಯಾಣ–ಶೀಳ್ ರಸ್ತೆಯಲ್ಲಿ ಬಸ್ಸು, ಶೀಳ್ ಫಾಟಾ ಎಂಬ ಕೂಡುರಸ್ತೆಯಲ್ಲಿ ಇಳಿದು ಶೇರ್ ರಿಕ್ಷಾ, ಕಡೆಗೆ ಕಂಟೇನರ್ ಲಾರಿಗಳ ಧೂಳಿನಲ್ಲಿ ನಡಿಗೆ. ಯೂನಿಟ್ಟಿನ ಬೋರ್ಡಿನ ಬಣ್ಣ ಎದ್ದು ಹೋಗಿತ್ತು. ಒಳಗೆ ಖಾಲಿ ಶೆಡ್ಡು, ರಿಯಾಕ್ಟರುಗಳನ್ನು ಕಿತ್ತು ಒಯ್ದ ಜಾಗದಲ್ಲಿ ಕಾಂಕ್ರೀಟಿನ ಗುಂಡಿ. ಲ್ಯಾಬಿನ ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ವಾಚ್‌ಮನ್ ಕೈ ಚೆಲ್ಲಿದರು.

ಅವರೊಬ್ಬರೇ ಅಲ್ಲಿದ್ದ ಮನುಷ್ಯ. ಅರುವತ್ತರ ಹತ್ತಿರದ, ಸಾತಾರಾ ಕಡೆಯ ಮರಾಠಿಯವರು, ಒಂದು ಸೆಕ್ಯೂರಿಟಿ ಏಜೆನ್ಸಿಯ ಮೂಲಕ ಬಂದವರು. ನಾನು ಕಾಕಾ ಎಂದೆ. ಅವರು ನನ್ನನ್ನು ತಾಈ, ಅಂದರೆ ಅಕ್ಕ, ಎಂದು ಕರೆದರು, ವಯಸ್ಸಿನಲ್ಲಿ ನಾನು ಎಷ್ಟು ಸಣ್ಣವಳಾದರೂ. ಶೆಡ್ಡಿನ ನೆರಳಿನಲ್ಲಿ ಒಂದು ಕುರ್ಚಿ ತಂದು ಹಾಕಿದರು. ಅದೇ ನನ್ನ ಹೊಸ ಹುದ್ದೆ.

ಕೆಲಸವಿಲ್ಲದೆ ಕೂರುವುದು ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎಚ್‌ಆರ್ ಮ್ಯಾನೇಜರಿಗೆ ಮೊಬೈಲಿನಲ್ಲಿ ಲೊಕೇಶನ್ ಕಳಿಸಬೇಕು, ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ. ಶೆಡ್ಡಿನ ಹಿಂದೆ ಗೋಡೆಯ ಉದ್ದಕ್ಕೂ ಹಳೆಯ ಡ್ರಮ್ಮುಗಳು ನಿಂತಿದ್ದವು. ಲೇಬಲ್ ಬಿಸಿಲಿಗೆ ಬಿಳಿಚಿ ಅಕ್ಷರ ಉಳಿದಿರಲಿಲ್ಲ. ಕೆಲವದರ ಬುಡದಲ್ಲಿ ಕಂದು ಕಲೆ. ಇಷ್ಟು ವರ್ಷ ರಾಸಾಯನಿಕದ ನಡುವೆ ಕೆಲಸ ಮಾಡಿದವಳಿಗೆ ಅವುಗಳೊಳಗೆ ಏನಿದೆಯೆಂದು ಹೇಳಲು ಬರುತ್ತಿರಲಿಲ್ಲ. ಏನೇನು ಇರಬಹುದೆಂಬುದು ಮಾತ್ರ ಗೊತ್ತಿತ್ತು, ಅದೇ ಕಷ್ಟವಾಯಿತು. ಪಾಯಖಾನೆ ಆ ಡ್ರಮ್ಮುಗಳ ಆಚೆಗೆ. ಬಾಗಿಲಿಗೆ ಚಿಲಕವಿಲ್ಲ. ನಾನು ನೀರು ಕುಡಿಯುವುದನ್ನೇ ನಿಲ್ಲಿಸಿದೆ. ಒಂದು ದಿನ ತಡೆಯಲಾಗದೆ ಹೋದಾಗ, ಕಾಕಾ ನನ್ನ ಹಿಂದೆ ಸ್ವಲ್ಪ ದೂರ ಬಂದು, ಬೆನ್ನು ಮಾಡಿ ನಿಂತು, ಲಾಠಿಯಿಂದ ನೆಲ ಕುಟ್ಟುತ್ತ ಇದ್ದರು. ತಾನು ಅಲ್ಲೇ ಇದ್ದೇನೆ, ತಿರುಗಿ ನೋಡುತ್ತಿಲ್ಲ ಎಂದು ನನಗೆ ತಿಳಿಯಲಿ ಅಂತ. ಆಮೇಲೆ ದಿನಾ ಹಾಗೇ ಮಾಡಿದರು. ಈ ಬಗ್ಗೆ ನಾವು ಒಂದು ಸಲವೂ ಮಾತಾಡಲಿಲ್ಲ.

ಬಿಸಿಲು ಏರಿದ ಒಂದು ಮಧ್ಯಾಹ್ನ ಹಿಂದಿನಿಂದ ಢಬ್ ಎಂಬ ಸದ್ದು ಬಂತು. ನಾನು ಡಬ್ಬಿ ಅಲ್ಲೇ ಬಿಟ್ಟು ಗೇಟಿನ ಆಚೆಯ ರಸ್ತೆಗೆ ಓಡಿದೆ. ಡೊಂಬಿವಲಿ ಎಂಐಡಿಸಿಯ ಅಂಚಿನಲ್ಲಿ ಮನೆ ಮಾಡಿಕೊಂಡು ಕಾರ್ಖಾನೆಗಳ ಸ್ಫೋಟ ಕಂಡ ನಮ್ಮಂಥವರಿಗೆ ಸದ್ದು ಕೇಳಿದ ಕೂಡಲೇ ಕಾಲು ತಾನೇ ಓಡುತ್ತದೆ. ಕಾಕಾ ಹೋಗಿ ನೋಡಿ ಬಂದು, ಕಾವಿಗೆ ಡ್ರಮ್ಮಿನ ಮುಚ್ಚಳ ಉಬ್ಬಿದ್ದು, ಬೇಸಿಗೆಯಲ್ಲಿ ಹೀಗಾಗುತ್ತದೆ ಎಂದರು. ನಾನು ರಸ್ತೆಯಿಂದಲೇ ಎಚ್‌ಆರ್ ಮ್ಯಾನೇಜರಿಗೆ ಫೋನ್ ಮಾಡಿದೆ.

"ಈಗ ನೀವು ಎಲ್ಲಿದ್ದೀರಿ ಮೇಡಂ?"

"ಗೇಟಿನ ಹೊರಗೆ ಸರ್. ಒಳಗೆ ಡ್ರಮ್ಮು—"

"ಡ್ಯೂಟಿಯ ಹೊತ್ತಿನಲ್ಲಿ ಜಾಗ ಬಿಟ್ಟು ಹೋಗಿದ್ದೀರಿ ಅಂತ ಬರೆದುಕೊಳ್ಳಲೇ?"

ನಾನು ಒಳಗೆ ಹೋಗಿ ಕೂತೆ. ಸಂಜೆಯವರೆಗೆ ಕುರ್ಚಿಯ ತುದಿಯಲ್ಲಿ, ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡು, ಗೇಟಿಗೆ ಮುಖ ಮಾಡಿ ಕೂತಿದ್ದೆ. ಅಂದು ಮನೆಗೆ ಹೋಗಿ ಅಡುಗೆಮನೆಯಲ್ಲಿ ನಿಂತವಳಿಗೆ ಕುಕ್ಕರಿನ ಸೀಟಿ ಕೂಗಿದ್ದಕ್ಕೆ ಕೈಯ ತಟ್ಟೆ ಬಿತ್ತು. ಹನ್ನೆರಡನೆಯ ತರಗತಿಯ ಮಗಳು ಓದುತ್ತಿದ್ದಲ್ಲಿಂದ ಎದ್ದು ಬಂದಳು. ಅವಳೇ ಗ್ಯಾಸ್ ಆರಿಸಿ ತಟ್ಟೆ ಹೆಕ್ಕಿಟ್ಟಳು.

ಮುಂದಿನ ತಾರೀಕಿಗೆ ಕಂಪನಿಯ ಉತ್ತರ ಬಂತು. ವಕೀಲರು ಹೇಳಿದ ಹಾಗೆಯೇ, ನಾನು ಕಾರ್ಮಿಕಳಲ್ಲ ಎಂದಿತ್ತು. ಅದರ ಸಂಗಡ ಇನ್ನೊಂದು ಮಾತು: ತಳೋಜಾದಲ್ಲಿ ಲ್ಯಾಬ್ ನಡೆಯುತ್ತಿದೆ, ನಾನು ಅಲ್ಲಿ ಸ್ಯಾಂಪಲ್ ಪರೀಕ್ಷೆ ಮಾಡುತ್ತಿದ್ದೇನೆ. ನಮ್ಮ ವಕೀಲರು ಆ ಒಂದು ಮಾತನ್ನೇ ಹಿಡಿದರು. ಈ ಕಾಯ್ದೆಯಲ್ಲಿ ಕೋರ್ಟಿಗೆ ಸಹಾಯಕ್ಕೆ ತನಿಖಾಧಿಕಾರಿ ಎಂದು ಒಬ್ಬರು ಇರುತ್ತಾರೆ. ಅವರು ಹೋಗಿ ಜಾಗ ನೋಡಿ ವರದಿ ಕೊಡಲಿ ಎಂದು ಅರ್ಜಿ ಹಾಕಿದರು. ಮೆಂಬರ್ ಒಪ್ಪಿದರು. ದಿನ ಗೊತ್ತಾಯಿತು. ದಿನ ನನಗೆ ಗೊತ್ತಾದ ಹಾಗೆ ಕಂಪನಿಗೂ ಗೊತ್ತಾಯಿತಲ್ಲ.

ಅದಕ್ಕೆ ಎರಡು ದಿನ ಇದೆ ಎನ್ನುವಾಗ ಗೇಟಿನ ಮುಂದೆ ಟೆಂಪೋ ನಿಂತಿತು. ಎಚ್‌ಆರ್ ಮ್ಯಾನೇಜರ್ ಮುಂದಿನ ಸೀಟಿನಿಂದ ಇಳಿದು, ಇಂದಿನಿಂದ ಪ್ಲಾಂಟಿನೊಳಗೆ ಮೊಬೈಲ್ ಇಲ್ಲ ಎಂದು ನನ್ನ ಫೋನನ್ನು ಗೇಟಿನಲ್ಲಿ ಇಡಿಸಿದರು. ಲ್ಯಾಬಿನ ಬೀಗ ತೆಗೆದರು. ಬೀಕರು, ಬ್ಯುರೆಟ್ಟು, ತಕ್ಕಡಿ, ಆಮ್ಲದ ಬಾಟಲಿಗಳು ಒಳಗೆ ಹೋದವು. ಡ್ರಮ್ಮುಗಳು ಬೇರೊಂದು ಲಾರಿಯಲ್ಲಿ ಹೊರಗೆ ಹೋದವು. ಪಾಯಖಾನೆಗೆ ಚಿಲಕ ಬಂತು. ಎಲ್ಲವನ್ನೂ ಕಪಾಟಿನಲ್ಲಿ ಜೋಡಿಸಲು ಬಂದವಳು ಡೊಂಬಿವಲಿಯ ನನ್ನ ಅದೇ ಜೊತೆಗಾರ್ತಿ. ಒಂದು ಹೊತ್ತು ನಾವಿಬ್ಬರೇ ಒಳಗಿದ್ದೆವು.

"ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ," ಎಂದಳು ಬಾಟಲಿ ಒರೆಸುತ್ತ. "ಮುಂದಿನ ಹೆಸರು ನನ್ನದೇ ಅಂತ ಹೇಳಿದ್ದಾರೆ."

ಸಿಟ್ಟು ಬರಲಿಲ್ಲ. ಅವಳು ಒರೆಸಿದ ಬಾಟಲಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಸಂಜೆ ಫೋನ್ ಕೈಗೆ ಸಿಕ್ಕಿದ ಮೇಲೆ ಶೀಳ್ ಫಾಟಾದಿಂದ ವಕೀಲರಿಗೆ ಎಲ್ಲ ಹೇಳಿದೆ. ಅವರು ನಮ್ಮ ಕೈಯಲ್ಲಿ ಏನು ಉಳಿದಿದೆ ಎಂದು ಲೆಕ್ಕ ಹಾಕಿದರು. ಬೀಗದ ಒಂದು ಫೋಟೋ ತೆಗೆದಿಡಬೇಕೆಂದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಜೊತೆಗಾರ್ತಿ ಬಾಯಿ ಬಿಡುವುದಿಲ್ಲ. ನನ್ನ ಮಾತನ್ನು ಕಂಪನಿ, ಸ್ವಂತ ಲಾಭಕ್ಕೆ ಹೇಳುವ ಮಾತು ಎನ್ನುತ್ತದೆ.

"ಆ ವಾಚ್‌ಮನ್ ಎಲ್ಲಾ ನೋಡ್ಯಾನಲ್ಲ?"

"ನೋಡಿದ್ದಾರೆ ಸರ್. ಗೇಟು ತೆಗೆದದ್ದೇ ಅವರು."

"ನಾಳೆ ಅವನ ಜೋಡಿ ಮಾತಾಡು. ಸಾಹೇಬ್ರು ಕೇಳಿದ್ರ ಇದ್ದದ್ದು ಹೇಳು, ಅಂತ ಅಷ್ಟ ಹೇಳವಾ. ಸುಳ್ಳ ಹೇಳಂತ ನಾವೇನ ಹೇಳಾಕತ್ತಿಲ್ಲ."

ಮರುದಿನ ಅದನ್ನೇ ಹೇಳಬೇಕೆಂದು ಬಸ್ಸಿನಲ್ಲಿ ಮರಾಠಿಯಲ್ಲಿ ವಾಕ್ಯ ಕಟ್ಟಿಕೊಂಡು ಹೋದೆ. ಊಟದ ಹೊತ್ತಿಗೆ ಕಾಕಾ ಗೇಟಿನ ಕೋಣೆಯಲ್ಲಿ ಭಾಕ್ರಿ ಬಿಚ್ಚಿ ಕೂತಿದ್ದರು. ನನ್ನನ್ನು ನೋಡಿ ಸ್ಟೂಲು ಸರಿಸಿದರು. ಮೆಣಸಿನ ಠೇಚಾ ಸ್ವಲ್ಪ ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿ, ಈ ಕೆಲಸ ಸಿಗುವ ಮುಂಚೆ ಎಷ್ಟೋ ತಿಂಗಳು ಖಾಲಿ ಕೂತಿದ್ದೆ ಎಂದರು. ಈ ವಯಸ್ಸಿನವರನ್ನು ಏಜೆನ್ಸಿಗಳು ಗೇಟಿನಿಂದಲೇ ಕಳಿಸುತ್ತವಂತೆ. ಇಲ್ಲಿ ನಿಲ್ಲುವ ಕೆಲಸ ಕಡಿಮೆ, ಮನೆ ಹತ್ತಿರ, ಮಂಡಿಗೆ ಒಳ್ಳೆಯದು ಎಂದರು. ದೂರಿನ ದನಿಯಲ್ಲಿ ಅಲ್ಲ, ಸುಖದ ದನಿಯಲ್ಲಿ.

ಒಂದು ಪ್ರಶ್ನೆಗೆ ಇದ್ದದ್ದು ಹೇಳಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ನಾನಂತೂ ಗೊತ್ತಿಲ್ಲದೆ ಹೇಳಿದ್ದೆ. ಇವರನ್ನು ಗೊತ್ತಿದ್ದೂ ತಳ್ಳುವುದು ಹೇಗೆ? ನನಗೆ ಯೂನಿಯನ್ ಇತ್ತು, ವಕೀಲರಿದ್ದರು, ಗಂಡನ ಸಂಬಳವಿತ್ತು. "ಠೇಚಾ ಒಳ್ಳೆ ಖಾರ ಇದೆ ಕಾಕಾ," ಎಂದೆ. ಊಟ ಮುಗಿಸಿ ಎದ್ದೆ.

ಸಂಜೆ ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾನು ಕೇಳಲಿಲ್ಲ ಸರ್. ಕೇಳುವುದೂ ಇಲ್ಲ."

"ಕೇಸು ನಿಂದು," ಎಂದರು. "ಸೋತರ ನನ್ನ ಬೈಬ್ಯಾಡ," ಎಂದು ಫೋನ್ ಇಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ. ಒಳ್ಳೆಯದು ಮಾಡಿದೆ ಎಂಬ ಸಮಾಧಾನವೂ ಇರಲಿಲ್ಲ. ಮೂರ್ಖತನ ಮಾಡಿದೆ, ಇನ್ನು ರಿಟೈರ್ ಆಗುವವರೆಗೆ ಆ ಕುರ್ಚಿಯೇ ಗತಿ ಎಂಬ ಹೆದರಿಕೆಯೊಂದೇ ಇತ್ತು.

ತನಿಖಾಧಿಕಾರಿ ಕಡಿಮೆ ಮಾತಿನ, ತೆಳ್ಳಗಿನ ಮನುಷ್ಯ. ಎರಡೂ ಕಡೆಯ ವಕೀಲರು, ಎಚ್‌ಆರ್ ಮ್ಯಾನೇಜರ್, ನಾನು ಎಲ್ಲ ಅವರ ಹಿಂದೆ ನಡೆದೆವು. ಲ್ಯಾಬು ಥಳಥಳ ಎನ್ನುತ್ತಿತ್ತು. ಮೇಜಿನ ಮೇಲೆ ನನ್ನ ಹೆಸರಿನ ಏಪ್ರನ್ ಮಡಚಿ ಇಟ್ಟಿದ್ದರು. ಇಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಅಧಿಕಾರಿ ಕೇಳಿದರು. ನನ್ನ ದನಿ ನನಗೇ ಕೇಳದಷ್ಟು ಸಣ್ಣಗೆ ಬಂತು: "ಕೆಲಸ ಇಲ್ಲ ಸರ್. ಈ ಸಾಮಾನು ಮೊನ್ನೆ ಬಂದದ್ದು. ಅಲ್ಲಿಯವರೆಗೆ ಬೀಗ ಇತ್ತು." ಕಂಪನಿಯ ವಕೀಲರು ನಕ್ಕು, ದೂರು ಕೊಟ್ಟವರು ಇನ್ನೇನು ಹೇಳುತ್ತಾರೆ ಎಂದರು. ಅಧಿಕಾರಿ ಎರಡನ್ನೂ ಬರೆದುಕೊಂಡರು. ನಲ್ಲಿ ತಿರುಗಿಸಿ ನೋಡಿದರು. ನೀರು ಬಂತು. ಅದನ್ನೂ ಬರೆದುಕೊಂಡರು. ನೋಡುವುದು ಮುಗಿಯಿತು, ನನ್ನ ಕೇಸೂ ಮುಗಿಯಿತು ಅಂದುಕೊಂಡೆ.

ಹೊರಡುವಾಗ ಗೇಟಿನಲ್ಲಿ ಕಾಕಾ ಸೆಲ್ಯೂಟ್ ಹೊಡೆದರು. ಅಧಿಕಾರಿ ನಿಂತರು.

"ನೀವು ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ?"

"ವರ್ಷದ ಮೇಲಾಯ್ತು ಸಾಹೇಬ್."

"ಈ ಲ್ಯಾಬ್ ಯಾವಾಗಿನಿಂದ ನಡೀತಾ ಇದೆ?"

ಎಚ್‌ಆರ್ ಮ್ಯಾನೇಜರ್ ಕಾಕಾನ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದರು. ನಾನು ನೆಲ ನೋಡಿದೆ. ನನ್ನ ಮುಖದಲ್ಲಿ ಆಸೆ ಕಂಡರೆ ಅದೂ ಕೇಳಿದ ಹಾಗೆಯೇ ಆಗುತ್ತದೆ ಎಂದು ಹೆದರಿ. ಕಾಕಾ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಸಾಮಾನು ಮೊನ್ನೆ ಟೆಂಪೋದಲ್ಲಿ ಬಂತು ಸಾಹೇಬ್. ಗೇಟು ನಾನೇ ತೆಗೆದೆ. ಅದಕ್ಕೆ ಮುಂಚೆ ಆ ಕೋಣೆಗೆ ಬೀಗ. ತಾಈ ಅಲ್ಲಿ ನೆರಳಿಗೆ ಕುರ್ಚಿ ಹಾಕಿಕೊಂಡು ಕೂರ್ತಿದ್ರು."

ಅಧಿಕಾರಿ ಅವರ ಹೆಸರು ಕೇಳಿ ಬರೆದುಕೊಂಡು ಸಹಿ ಹಾಕಿಸಿದರು. ನಮ್ಮ ವಕೀಲರು ನನ್ನ ಕಡೆ ನೋಡಿದರು. ನನಗೆ ಗೆದ್ದ ಖುಷಿ ಬರಲಿಲ್ಲ. ಮಂಡಿ ನೋವಿನ ಆ ಮನುಷ್ಯ ಇನ್ನೆಷ್ಟು ದಿನ ಈ ಗೇಟಿನಲ್ಲಿ ಇರುತ್ತಾರೆಂದು ಲೆಕ್ಕ ಹಾಕುತ್ತಿದ್ದೆ.

ಲೆಕ್ಕ ಹಾಕುವಷ್ಟೂ ಇರಲಿಲ್ಲ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಬೇರೆ ವಾಚ್‌ಮನ್ ಇದ್ದ, ಸ್ಟೂಲಿನ ಮೇಲೆ ಕಾಲು ಹಾಕಿ ಮೊಬೈಲ್ ನೋಡುತ್ತಿದ್ದ. ಹಳೆಯವರೆಲ್ಲಿ ಎಂದು ಕೇಳಿದರೆ ಗೊತ್ತಿಲ್ಲ ಎಂದ. ಕೋರ್ಟಿನ ಮುಂದಿನ ತಾರೀಕಿನವರೆಗೂ ನಾನು ಅಲ್ಲಿಗೆ ಹೋಗಲೇಬೇಕಿತ್ತು. ಆ ದಿನಗಳಲ್ಲಿ ಪಾಯಖಾನೆಗೆ ಹೊಸ ಚಿಲಕವಿದ್ದರೂ ನಾನು ನೀರು ಕುಡಿಯಲಿಲ್ಲ.

ವರದಿ ಓದಿದ ಮೆಂಬರ್ ಕಂಪನಿಯ ವಕೀಲರಿಗೆ ಒಂದೇ ಪ್ರಶ್ನೆ ಕೇಳಿದರು: ಲ್ಯಾಬೇ ಇಲ್ಲದ ಜಾಗಕ್ಕೆ ಲ್ಯಾಬಿನವರನ್ನು ಕಳಿಸುವ ಆಡಳಿತದ ಅಗತ್ಯ ಯಾವುದು? ಅವರು ಸಮಯ ಬೇಡಿದರು. ಮೆಂಬರ್ ಕೊಡಲಿಲ್ಲ. ನಾನು ಕಾರ್ಮಿಕಳು ಹೌದೋ ಅಲ್ಲವೋ ಎಂಬುದು ಸಾಕ್ಷ್ಯದ ನಂತರ ತೀರ್ಮಾನವಾಗಲಿ, ಮೇಲ್ನೋಟಕ್ಕೆ ಈ ವರ್ಗದಲ್ಲಿ ದುರುದ್ದೇಶ ಕಾಣುತ್ತದೆ ಎಂದು, ಕೊನೆಯ ತೀರ್ಪಿನವರೆಗೆ ತಡೆ ಕೊಟ್ಟರು. ಕಾರ್ಯದರ್ಶಿ ಹೊರಗೆ ಪೇಢೆ ಹಂಚಿದರು. ಡೊಂಬಿವಲಿಯ ಗೇಟಿನಲ್ಲಿ ಯಂತ್ರ ಹಸಿರು ತೋರಿಸಿತು. ಲ್ಯಾಬಿನಲ್ಲಿ ಎಲ್ಲರೂ ಕೆಲಸದ ಮಾತು ಮಾತ್ರ ಆಡಿದರು. ಕೆಲವು ವಾರ ನಾನು ಒಬ್ಬಳೇ ಉಂಡೆ. ಆಮೇಲೊಂದು ದಿನ ಜೊತೆಗಾರ್ತಿ ತನ್ನ ಡಬ್ಬಿ ತಂದು ನನ್ನ ಪಕ್ಕ ಬಿಚ್ಚಿದಳು. ಫ್ಯೂಮ್ ಹುಡ್ಡಿಗೆ ಹೊಸ ಫ್ಯಾನ್ ಹಾಕಿದ್ದರು. ಅದರ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಒಳ್ಳೆಯದೇ ಆಯಿತು.

ಕಾಕಾನನ್ನು ಹುಡುಕಿಕೊಟ್ಟದ್ದು ಕಾರ್ಯದರ್ಶಿ. ಏಜೆನ್ಸಿಯವರು ಅವರನ್ನು ಟಿಟ್ವಾಳಾದಲ್ಲಿ ಕಟ್ಟುತ್ತಿರುವ ಒಂದು ಟವರಿಗೆ ಹಾಕಿದ್ದರಂತೆ. ಒಂದು ಭಾನುವಾರ ಮಧ್ಯಾಹ್ನ ಹೋದೆ. ಅಲ್ಲಿಯ ಗಣಪತಿ ಗುಡಿಗೆ ಹೋಗುವ ಜನದ ನಡುವೆ ಗಾಡಿ ಇಳಿದು, ರಿಕ್ಷಾದವನಿಗೆ ಕೇಳಿ ಕೇಳಿ ಜಾಗ ಹುಡುಕಿದೆ. ಅರ್ಧ ಕಟ್ಟಿದ ಕಟ್ಟಡದ ಮುಂದೆ, ತಗಡಿನ ಗೇಟಿನಲ್ಲಿ ಕಾಕಾ ನಿಂತಿದ್ದರು. ಕೂರಲು ಅಲ್ಲಿ ಏನೂ ಇರಲಿಲ್ಲ.

"ತಾಈ, ನೀವು?" ಎಂದು ನಕ್ಕರು. "ನಿಮ್ಮದು ಆಯ್ತಂತೆ. ಕೇಳಿದೆ."

"ನಿಮ್ಮನ್ನು ಇಲ್ಲಿಗೆ ಹಾಕಿದರಾ ಕಾಕಾ?"

"ಬದಲಿ ಆಯ್ತು. ಬಂದರೆ ಬನ್ನಿ, ಇಲ್ಲದಿದ್ದರೆ ಡ್ರೆಸ್ ವಾಪಸ್ ಕೊಡಿ ಅಂದ್ರು. ಬಂದೆ." ತಳೋಜಾದ ಮನೆಯಿಂದ ಇಲ್ಲಿಗೆ ಬಸ್ಸು, ರಿಕ್ಷಾ, ಗಾಡಿ. ಮಂಡಿಗೆ ಬಟ್ಟೆ ಸುತ್ತಿದ್ದು ಪ್ಯಾಂಟಿನ ಮೇಲಿಂದ ಕಾಣುತ್ತಿತ್ತು.

"ನಾನು ನಿಮಗೆ ಹೇಳಿ ಅಂತ ಕೇಳಿರಲಿಲ್ಲ," ಎಂದೆ. ಯಾಕೆ ಹಾಗೆಂದೆನೋ.

"ಇಲ್ಲ. ಕೇಳ್ತೀರಿ ಅಂತ ನಾನು ಕಾಯ್ತಾ ಇದ್ದೆ. ಕೇಳಿದ್ರೆ ಆಗಲ್ಲ ಅನ್ನೋಣ ಅಂತ ಇದ್ದೆ." ರಸ್ತೆಯ ಕಡೆ ನೋಡಿದರು. "ನೀವು ಠೇಚಾ ತಿಂದು ಎದ್ದು ಹೋದ್ರಿ."

ಕಾಕಾನ ಬದಲಿಯ ಮೇಲೂ ಕೇಸು ಹಾಕಬಹುದೇ ಎಂದು ವಕೀಲರ ಹತ್ತಿರ ಮೊದಲೇ ಕೇಳಿಕೊಂಡು ಹೋಗಿದ್ದೆ. ಏಜೆನ್ಸಿ ಒಂದು, ಕಂಪನಿ ಇನ್ನೊಂದು, ಇಬ್ಬರೂ ಹೊಣೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಕಷ್ಟದ ಕೇಸು, ಆದರೆ ಆಗದ ಕೇಸಲ್ಲ ಎಂದಿದ್ದರು. ಫೀಸಿನ ಮಾತು ಎತ್ತಬೇಡ ಎಂದೂ ಹೇಳಿದ್ದರು. ಅದನ್ನೆಲ್ಲ ಕಾಕಾಗೆ ಹೇಳಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

"ಆ ದಿನ ಗೇಟಿನಲ್ಲಿ ನಾನು ಏನು ಹೇಳಿದೆ, ಮರುದಿನ ನಾನು ಅಲ್ಲಿರಲಿಲ್ಲ, ಅಂತ ಯಾರಾದರೂ ಹೇಳಬೇಕಲ್ಲ," ಎಂದರು. "ನೀವು ಬರ್ತೀರಾ ಸಾಕ್ಷಿಗೆ?"

ಗೇಟಿನ ಕೆಂಪು ದೀಪ, ಢಬ್ ಎಂದ ಡ್ರಮ್ಮು, ಬರೆದುಕೊಳ್ಳಲೇ ಎಂದ ದನಿ ಎಲ್ಲ ಒಟ್ಟಿಗೆ ಬಂದವು. ನನಗೆ ಸಿಕ್ಕಿದ್ದು ತಡೆ ಮಾತ್ರ, ತೀರ್ಪಲ್ಲ. ಅದೇ ಎಚ್‌ಆರ್ ಮ್ಯಾನೇಜರ್ ಎದುರು, ಅದೇ ಕಂಪನಿಯ ಸಂಬಳ ತೆಗೆದುಕೊಳ್ಳುತ್ತ, ಇನ್ನೊಬ್ಬರ ಕೇಸಿನಲ್ಲಿ ಕಟಕಟೆ ಹತ್ತಬೇಕು. ನಾನು ತಡ ಮಾಡಿದ್ದನ್ನು ಅವರು ನೋಡಿದರು.

"ವಿಚಾರ ಮಾಡಿ ಹೇಳಿ ತಾಈ. ಅವಸರ ಇಲ್ಲ," ಎಂದರು ಮೆಲ್ಲಗೆ, ನನಗೆ ದಾರಿ ಬಿಡುವ ಹಾಗೆ.

"ವಿಚಾರ ಮಾಡಿದರೆ ನನ್ನಿಂದ ಆಗಲಿಕ್ಕಿಲ್ಲ ಕಾಕಾ," ಎಂದೆ. ಅಲ್ಲೇ ನಿಂತು ವಕೀಲರಿಗೆ ಫೋನ್ ಹಚ್ಚಿದೆ. ಅವರು ಮನೆಯಲ್ಲಿದ್ದರು, ಹಿಂದೆ ಟಿವಿ ಕೇಳುತ್ತಿತ್ತು. ಕಾಕಾನ ಕೇಸಿನಲ್ಲಿ ಒಬ್ಬರು ಸಾಕ್ಷಿ ಇದ್ದಾರೆ, ಬರೆದುಕೊಳ್ಳಿ ಸರ್, ಎಂದೆ.

"ಹೆಸರ ಹೇಳವಾ."

ನನ್ನ ಹೆಸರು ಹೇಳಿದೆ. ದನಿ ನಡುಗಿದ್ದಕ್ಕೆ ಅವರಿಗೆ ಸರಿಯಾಗಿ ಕೇಳಲಿಲ್ಲವಂತೆ. ಇನ್ನೊಮ್ಮೆ ಹೇಳಿದೆ.